ಐದನೇ ದಿಕ್ಕು

ಎಳ್ಳಮಾಸಿ ಹಿಂದಿನ ರಾತ್ರಿ ನಮ್ಮ ಮನ್ಯಾಗ ಯಾರೂ ಮಲಗಂಗಿಲ್ಲ.
ಸಜ್ಜಿ ಕಡಬು ಕುದೀತಿರತಾವ,
ತೊಗರಿಕಾಯಿ ಸುಲದು ಸುಲದು
ಉಗುರಿನ ಸಂದಿ ಹಸರಾಗಿರತದ.
ಭಜ್ಜಿಗಿ ಬೀಳೋದು ಬಿದ್ದೇ ಬೀಳಬೇಕು:
ಹಸಿ ಕಡ್ಲಿ, ಅವರಿ, ಮೆಂತ್ಯಾ, ಗಜ್ಜರಿ, ಎಳೀ ಬದನಿಕಾಯಿ,
ಮ್ಯಾಲ ಒಂದು ಮೊರ ಉಳ್ಳಾಗಡ್ಡಿ ತಪ್ಪಲ,
ಒಂದು ಬೊಗಸಿ ಬಳ್ಳೊಳ್ಳಿ.

ಹೋದ ವರ್ಷನೂ ಹಿಂಗೇ ಇತ್ತು.
ಆಳಂದ ದಾಟಿ ಹಳ್ಳದ ಆಚಿಗಿ ನಮ್ಮ ಹೊಲ.
ಅತ್ತಿ ಚೆನ್ನಬಸವ್ವ ಸೆರಗು ಬಿಗದು
ಚರಗ ಚೆಲ್ಲಕೋತ ಮುಂದ ಮುಂದ,
‘ಹುಲಿಗ್ಯೋ’ ಅನಕೋತ ಮಾವ ಹಿಂದ,
ಅವರಿಬ್ಬರ ಹಿಂದ ಯಾರೂ ಕರೀದ ಮೂರನೇ ಭಕ್ತಳು,
ನಮ್ಮ ಬುಂದಿ.
ಭೂಮಿಗಿ ಚೆಲ್ಲಿದ್ದು ಭೂಮಿಗಿ ಮುಟ್ಟೋದಕ್ಕಿಂತ ಮೊದಲ
ಅದರ ನಾಲಿಗಿಗಿ ಮುಟ್ಟತಿತ್ತು.
ಜ್ವಾಳದ ಸಾಲಿನ್ಯಾಗ ಬರೇ ಬಾಲ ಕಾಣತಿತ್ತು.
ನಕ್ಕೆವು. ನಾನೂ ನಕ್ಕೆ.

ಬೇವಿನ ಗಿಡದ ಬುಡಕ ಉಣ್ಣಾಕ ಕುಂತಾಗ
ಎಲ್ಲಾರ ಗಂಗಾಳದಾಗೂ ಅದಕ್ಕೊಂದು ಪಾಲು.
ಪಕ್ಕದ ಹೊಲದ ಗುಲಾಮ್ ನಬಿ ಕಾಕಾ
ಭಜ್ಜಿ ಹಚ್ಚಿದ ರೊಟ್ಟಿ ಇಟ್ಟರು.
ಮೈದುನನ ಮಗ ಹುಗ್ಗ್ಯಾಗಿನ ಒಣದ್ರಾಕ್ಷಿ
ಆರಿಸಿ ಆರಿಸಿ ಅದಕ್ಕ ತಿನಿಸಿದ,
ಅವಗ ದ್ರಾಕ್ಷಿ ಸೇರಂಗಿಲ್ಲ.
ಹಬ್ಬದ ದಿನ ಮೂಕ ಜೀವಕ್ಕ ಇಲ್ಲ ಅನ್ನಬಾರದು
ಅಂದವರು ಹದಿನೇಳು ಮಂದಿ.
ಎಣಿಸಿದ್ದು ಆಮ್ಯಾಲ.

ಮೂರನೇ ದಿನ ಬುಂದಿ ಮಲಗಿದಲ್ಲಿಂದ ಏಳಲಿಲ್ಲ.
ಉಚ್ಚಿ ಬೆಲ್ಲದ ಚಹಾದ ಬಣ್ಣ.
ದನದ ದವಾಖಾನಿ ಹುಡುಗಿ ಡಾಕ್ಟರು ತುಟಿ ಎತ್ತಿ ನೋಡಿದಳು,
ವಸಡು ಸುಣ್ಣ ಹಚ್ಚಿದ ಗ್ವಾಡಿ.
‘ಏನು ತಿಂದದ?’
ಅತ್ತಿ ಎದಿ ಉಬ್ಬಿಸಿ ಶುರು ಮಾಡಿದಳು,
ಬೀಗರ ಮುಂದ ಅಡಗಿ ಹೇಳೋ ಹಂಗ.
ಕಡಬು, ಹೋಳಿಗಿ, ಅಂಬಲಿ, ಭಜ್ಜಿ...
‘ಭಜ್ಜ್ಯಾಗ?’
‘ಉಳ್ಳಾಗಡ್ಡಿ ತಪ್ಪಲ.’
ಡಾಕ್ಟರ ಪೆನ್ನು ನಿಂತಿತು.
‘ಬಳ್ಳೊಳ್ಳಿ. ಹುಗ್ಗ್ಯಾಗ... ದ್ರಾಕ್ಷಿ.’
ಅತ್ತಿ ದನಿ ಒಂದೊಂದು ಮಾತಿಗಿ
ಒಂದೊಂದು ಪಾವಟಿಗಿ ಇಳೀತು.

ನಮಗ ಒಗ್ಗೋದು ಅದರ ರಕ್ತ ಒಡೀತದಂತ.
‘ಭೂಮ್ತಾಯಿ ಉಣ್ಣೋದು ವಿಷ ಹ್ಯಾಂಗ ಆಗತದವ್ವ?’
‘ಭೂಮಿ ಹೊಟ್ಟಿ ಬ್ಯಾರೆ, ಅಮ್ಮಾ.
ಇದು ಹನ್ನೊಂದು ಕಿಲೋ ನಾಯಿ.’

ಒಂಬತ್ತು ದಿನ ಸಲಾಯಿನ್.
ಅತ್ತಿ ದವಾಖಾನಿ ಕಟ್ಟಿ ಮ್ಯಾಲ ಕುಂತು
ಬಾಟಲಿ ಹನಿ ಎಣಿಸಿದಳು.
ಬುಂದಿ ತನ್ನ ಕಾಲ ಮ್ಯಾಲ ಮನಿಗಿ ಬಂದ ದಿನ
ಒಂದೇ ಮಾತು ಕೇಳಿದಳು:
‘ಕೊಡಬಾರದು ಅಂತ ನಿನಗ ಗೊತ್ತಿತ್ತೇನು?’
ಗೊತ್ತಿದ್ದಿಲ್ಲ.
ಗೊತ್ತಿದ್ದರ,
ಹಬ್ಬದ ದಿನ, ಹದಿನೇಳು ಮಂದಿ ಮುಂದ
ಅತ್ತಿ ಕೈ ಹಿಡೀತಿದ್ದೆನೇನು?
ಅದು ಇನ್ನೂ ಗೊತ್ತಿಲ್ಲ.

ಈ ವರ್ಷ ಭಜ್ಜಿ ಒಲಿ ಮ್ಯಾಲ ಏರೋದಕ್ಕಿಂತ ಮೊದಲ
ಅತ್ತಿ ಎರಡು ಸಜ್ಜಿ ರೊಟ್ಟಿ ಬ್ಯಾರೆ ಅರಿವ್ಯಾಗ ಕಟ್ಟಿದಳು,
ಉಪ್ಪಿಲ್ಲದ್ದು.
ಹೊಲದಾಗ ಬುಂದಿಗಿ ಬಂಡಿ ಗಾಲಿಗಿ ಕಟ್ಟಿ,
ಬಂದವರಿಗಿ ಕೈ ತೊಳೀಲಾಕ ನೀರು ಕೊಡೋ ಮೊದಲ ಹೇಳಿದಳು:
‘ನಾಯಿಗಿ ಏನೂ ಹಾಕಬ್ಯಾಡ್ರಿ.
ಪ್ರೀತಿ ಬಂದ್ರ ತಲಿ ಸವರ್ರಿ.’
ಗುಲಾಮ್ ನಬಿ ಕಾಕಾ ಬುಂದಿ ಮಗ್ಗಲ ಕುಂತು,
‘ಶುಗರ್ ಬಂದ ಮ್ಯಾಲ
ನಮ್ಮ ಮನ್ಯಾಗ ನನಗೂ ಹಿಂಗೇ ಕಟ್ಟ್ಯಾರ, ಬೇಟಿ’ ಅಂದರು.

ನಾಕು ದಿಕ್ಕಿಗಿ ಚರಗ ಹೋಯ್ತು.
ಪ್ರತಿ ಮುಟಗಿಗಿ ಬುಂದಿ ಹಗ್ಗ ಜಗ್ಗಿ ಒದರಿತು.
ಅತ್ತಿ ತಿರುಗಿ ನೋಡಲಿಲ್ಲ.
ಎಲ್ಲಾ ಮುಗಿಸಿ, ಬುಟ್ಟಿ ಇಳಿಸಿ,
ಕೈ ಎರಡು ಸಲ ತೊಳಕೊಂಡು
ಬಂಡಿ ಕಡಿ ಬಂದು ರೊಟ್ಟಿ ಮುರದು ಹಾಕಿದಳು.
‘ಹುಲಿಗ್ಯೋ’ ಅಂದಳು, ಬರೇ ತುಟ್ಯಾಗ.

ಬುಂದಿ ಮೂಸಿತು.
ಭಜ್ಜಿ ಗಡಗಿ ಕಡಿ ಮಾರಿ ತಿರುವಿ
ಬಹಳೊತ್ತು ನೋಡಿತು.
ಆಮ್ಯಾಲ, ಮನಸಿಲ್ಲದ ಮನಸಿಲೆ, ತಿಂತು.